ಜಗಲಿಯ ಮೇಲಿನ ಓಲೆಯ ಕಟ್ಟು

ಶರಣಸಿದ್ಧಾಂತದಲ್ಲಿ ಕುರುಹು ಎಂಬ ಮಾತಿಗೆ ವಿಶೇಷವಾದ ಅರ್ಥವುಂಟು. ಕರಸ್ಥಲಕ್ಕೆ ಬಂದ ಇಷ್ಟಲಿಂಗವು ಅರಿವಿನ ಕುರುಹೆಂದು ಶರಣರು ತಿಳಿಸಿಕೊಟ್ಟರು. ಕುರುಹನ್ನು ಬಿಟ್ಟು ಅರಿವನ್ನು ಅರಸುವವನಿಗೆ ನೆಲೆಯಿಲ್ಲ. ಕುರುಹನ್ನೇ ಹಿಡಿದು ಅರಿವನ್ನು ಮರೆತವನಿಗೂ ನೆಲೆಯಿಲ್ಲ. ಇದು ಲಿಂಗಪೂಜೆಯ ಮಾತಾಯಿತು. ಲೋಕವ್ಯವಹಾರದಲ್ಲಿಯೂ ಕುರುಹುಗಳುಂಟು. ಹಿರಿಯರು ಬಿಟ್ಟುಹೋದ ಬೆತ್ತ, ಅಜ್ಜಿಯ ಬೆಳ್ಳಿಯ ಕರಡಿಗೆ, ಮುತ್ತಜ್ಜನು ತೊಟ್ಟ ರುದ್ರಾಕ್ಷಿಯ ಸರ, ಇಂಥವನ್ನು ನಾವು ಉಪಯೋಗಿಸುವುದೂ ಇಲ್ಲ, ಬಿಸುಡುವುದೂ ಇಲ್ಲ. ಹಬ್ಬ ಹುಣ್ಣಿಮೆಗಳಲ್ಲಿ ಹೊರತೆಗೆದು, ಕಣ್ಣಿಗೊತ್ತಿಕೊಂಡು, ಮತ್ತೆ ಒಳಗಿಡುತ್ತೇವೆ. ಆ ವಸ್ತುವು ನಮ್ಮಿಂದ ಏನನ್ನಾದರೂ ಬೇಡುತ್ತಿದೆಯೇ ಎಂದು ಕೇಳಿಕೊಳ್ಳುವವರು ವಿರಳ. ಹಾಗೆ ಕೇಳಿಕೊಂಡ ಒಬ್ಬ ಮಹನೀಯರ ಜೀವನವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಉತ್ತರ ಕರ್ನಾಟಕದ ಹಳೆಯ ವೀರಶೈವ ಮನೆತನಗಳಲ್ಲಿ ದೇವರ ಜಗಲಿಯ ಮೇಲೆ ಓಲೆಯ ಕಟ್ಟೊಂದು ಇರುವುದು ಹಿಂದೆ ಸಾಮಾನ್ಯವಾಗಿತ್ತು. ಒಂದು ಮೊಳದಷ್ಟು ಉದ್ದ, ಮೂರು ನಾಲ್ಕು ಬೆರಳು ಅಗಲದ ತಾಳೆಗರಿಗಳು. ಅವುಗಳ ಕೆಳಗೂ ಮೇಲೂ ಒಂದೊಂದು ಮರದ ಹಲಗೆ. ಗರಿಗಳ ತೂತಿನಲ್ಲಿ ಹಾಯ್ದು ಬಂದು ಇಡೀ ಕಟ್ಟನ್ನು ಬಿಗಿದು ಸುತ್ತಿದ ನೂಲಿನ ದಾರ. ಅದರ ಮೇಲೆ ಮಾಸಿದ ಕೆಂಪು ವಸ್ತ್ರ. ಮನೆಯ ಹಿರಿಯನು ನಿತ್ಯದ ಲಿಂಗಪೂಜೆಯನ್ನು ಮುಗಿಸಿದ ಬಳಿಕ ಆ ಕಟ್ಟಿಗೂ ವಿಭೂತಿಯ ಮೂರು ಎಳೆಗಳನ್ನು ಎಳೆದು, ಪತ್ರೆಯನ್ನೇರಿಸಿ ಕೈಮುಗಿಯುವನು. ಶ್ರಾವಣಮಾಸದಲ್ಲಿ ಅದಕ್ಕೆ ವಿಶೇಷ ಪೂಜೆ. ಅದರಲ್ಲಿ ಏನಿದೆಯೆಂದು ಕೇಳಿದರೆ, ಹಿರಿಯರ ಕಾಲದ್ದು, ಶರಣರ ವಾಣಿ ಎಂಬಿಷ್ಟೇ ಉತ್ತರ. ಬಿಚ್ಚಿ ಓದುವ ರೂಢಿ ತಪ್ಪಿ ಎರಡು ಮೂರು ತಲೆಮಾರುಗಳೇ ಕಳೆದಿದ್ದವು. ಬಿಚ್ಚಿದರೆ ಮನೆಗೆ ಕೇಡೆಂದು ಅಂಜುವವರೂ ಇದ್ದರು. ಹೊರಗೆ ಪೂಜೆ ಸಾಂಗವಾಗಿ ನಡೆಯುತ್ತಿರಲು ಒಳಗೆ ಹುಳು ತನ್ನ ಕೆಲಸವನ್ನು ತಾನು ನಡೆಸುತ್ತಿತ್ತು.

ಈ ಓಲೆಗಳು ಬಂದ ದಾರಿಯಾದರೂ ಸುಗಮವಾದುದೇ? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವಾದಾಗ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನವರ ಜೊತೆಯಲ್ಲಿ ಉಳವಿಯ ಕಡೆಗೆ ನಡೆದವರು ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಹೋದರೆಂಬುದು ನಮ್ಮ ಪರಂಪರೆಯ ನಂಬಿಕೆ. ಮುಂದೆ ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಆಳಿಕೆಯಲ್ಲಿ ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಮೊದಲಾದವರ ಆಶ್ರಯದಿಂದಲೂ ವಿರಕ್ತರ ಪರಿಶ್ರಮದಿಂದಲೂ ವಚನಗಳ ಸಂಕಲನಕಾರ್ಯವು ನಡೆಯಿತು. ‘ಶೂನ್ಯಸಂಪಾದನೆ’ಯಂಥ ಮಹಾಗ್ರಂಥವು ಹುಟ್ಟಿದುದು ಆ ಕಾಲದಲ್ಲಿಯೇ. ಒಬ್ಬರಿಂದೊಬ್ಬರು ಪ್ರತಿ ಮಾಡಿಕೊಂಡ ಆ ಓಲೆಗಳು ಮಠಗಳಿಗೂ ಭಕ್ತರ ಮನೆಗಳಿಗೂ ಹರಡಿದವು. ಹಾಗೆ ಹರಡಿದುದರಿಂದಲೇ ಉಳಿದವು. ಆದರೆ ಹರಡಿದ ಕಡೆಯಲ್ಲಿ ಓದುವವರು ಕಡಿಮೆಯಾಗಿ ನಮಸ್ಕರಿಸುವವರು ಮಾತ್ರ ಉಳಿದುಕೊಂಡಾಗ, ಶರಣರ ನುಡಿಯು ನುಡಿಯಾಗಿ ಉಳಿಯದೆ ಬರಿಯ ಗಂಟಾಯಿತು.

ಹಳಕಟ್ಟಿಯವರು ಹುಟ್ಟಿದುದು ೧೮೮೦ನೆಯ ಇಸವಿ ಜುಲೈ ೨ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖನವ್ಯವಸಾಯದಲ್ಲಿ ಅಭಿರುಚಿಯುಳ್ಳವರು. ತಾಯಿ ದಾನಮ್ಮನವರು ಮಗುವು ಇನ್ನೂ ಎಳೆಯದಿರುವಾಗಲೇ ಲಿಂಗೈಕ್ಯರಾದರು. ಅಜ್ಜಿಯ ಆರೈಕೆಯಲ್ಲಿ ಬಾಲ್ಯ ಕಳೆಯಿತು. ಧಾರವಾಡದಲ್ಲಿ ಪ್ರವೇಶ ಪರೀಕ್ಷೆಯವರೆಗಿನ ವ್ಯಾಸಂಗವನ್ನು ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ, ೧೯೦೧ರಲ್ಲಿ ಪದವೀಧರರಾದರು. ೧೯೦೪ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು. ಮುಂಬಯಿಯ ವಾಸವು ಅವರಿಗೆ ಕಾನೂನಿಗಿಂತ ಹೆಚ್ಚಿನದೊಂದನ್ನು ಕಲಿಸಿತು. ಮರಾಠಿಗರೂ ಗುಜರಾತಿಗಳೂ ತಮ್ಮ ತಮ್ಮ ಭಾಷೆಗಾಗಿ, ತಮ್ಮ ಸಂತರ ಗ್ರಂಥಗಳಿಗಾಗಿ ಮಾಡುತ್ತಿದ್ದ ಸೇವೆಯನ್ನು ಅವರು ಕಣ್ಣಾರೆ ಕಂಡರು. ಪಂಢರಪುರದ ಸಂತರ ಅಭಂಗಗಳು ಅಚ್ಚಾಗಿ ಮನೆಮನೆಯಲ್ಲಿ ಓದಲ್ಪಡುತ್ತಿರಲು ಕನ್ನಡ ಶರಣರ ವಚನಗಳು ಎಲ್ಲಿವೆ ಎಂಬ ಪ್ರಶ್ನೆಯು ಅಂಥ ವಾತಾವರಣದಲ್ಲಿ ಬೆಳೆದ ಕನ್ನಡ ಯುವಕನನ್ನು ಕಾಡದಿರುವುದು ಹೇಗೆ? ಏಕೀಕರಣದ ಕಹಳೆಯನ್ನೂದಿದ ಆಲೂರ ವೆಂಕಟರಾಯರೂ ಅದೇ ೧೮೮೦ರಲ್ಲಿ ಹುಟ್ಟಿದವರು. ಆ ತಲೆಮಾರಿನ ಮೇಲೆ ಕನ್ನಡತಾಯಿಯ ಕೃಪೆ ವಿಶೇಷವಾಗಿದ್ದಂತೆ ತೋರುತ್ತದೆ.

ಪತ್ನಿ ಭಾಗೀರಥಿಯವರ ತವರೂರು ಬನಹಟ್ಟಿ. ಅದಕ್ಕೆ ಹೊಂದಿದಂತೆಯೇ ಇರುವ ನೇಕಾರರ ಊರು ರಬಕವಿ. ಕೃಷ್ಣಾನದಿಗೆ ಸಮೀಪದ ಈ ಜೋಡಿ ಊರುಗಳಲ್ಲಿ ಮಗ್ಗದ ಸದ್ದೂ ಶಿವಭಜನೆಯೂ ಒಟ್ಟಿಗೇ ನಡೆಯುವಂಥವು. ಕಾನೂನಿನ ವ್ಯಾಸಂಗವು ಇನ್ನೂ ಮುಗಿಯುವ ಹೊತ್ತಿನಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ಆ ವರ್ಷಗಳಲ್ಲಿ, ರಬಕವಿಯ ಮಂಚಾಲಿ ಮನೆತನದವರಲ್ಲಿ ಹಿರಿಯರಿಂದ ಬಂದ ತಾಡವೋಲೆಯ ಪ್ರತಿಗಳನ್ನು ನೋಡುವ ಪ್ರಸಂಗವು ಹಳಕಟ್ಟಿಯವರಿಗೆ ಒದಗಿತು. ಅವುಗಳಲ್ಲಿ ಒಂದು ‘ಷಟ್‌ಸ್ಥಲ ತಿಲಕ’. ಇನ್ನೊಂದು ಪ್ರಭುದೇವರ ವಚನಗಳು. ಆ ಮನೆಗೆ ಅವು ಪೂರ್ವಜರ ಕುರುಹು. ನೋಡಬಂದ ಯುವಕನಿಗೆ ಮಾತ್ರ ಅವು ಬೇರೊಂದು ರೀತಿಯಾಗಿ ಕಂಡವು. ವೀರಶೈವ ಕುಲದಲ್ಲಿ ಹುಟ್ಟಿ, ಉಚ್ಚಶಿಕ್ಷಣವನ್ನು ಪಡೆದು, ಇಂಗ್ಲಿಷ್ ಗ್ರಂಥಗಳನ್ನು ಸರಾಗವಾಗಿ ಓದಬಲ್ಲ ತಾನು ತನ್ನ ಧರ್ಮದ ಮೂಲವಾಣಿಯನ್ನು ಇದುವರೆಗೆ ಓದಿಯೇ ಇರಲಿಲ್ಲವೆಂಬ ಸಂಗತಿಯು ಆ ಓಲೆಗಳ ಮುಂದೆ ಸ್ಪಷ್ಟವಾಯಿತು. ಅಲ್ಲಮಪ್ರಭುವಿನಂಥ ಅನುಭಾವಿಯ ನುಡಿಯು ನೇಕಾರರ ಊರಿನ ಒಂದು ಮನೆಯಲ್ಲಿ ಇಷ್ಟು ಕಾಲ ಮೌನವಾಗಿ ಕುಳಿತಿತ್ತು!

ಇಲ್ಲಿ ಒಂದು ಮಾತನ್ನು ಹೇಳಬೇಕು. ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಇಂಥ ಪ್ರಸಂಗವು ಬಂದಾಗ, ಅಂದಿನಿಂದಲೇ ಅವರು ಸರ್ವಸ್ವವನ್ನೂ ತ್ಯಜಿಸಿ ಹೊರಟರೆಂದು ವರ್ಣಿಸುವುದುಂಟು. ಹಳಕಟ್ಟಿಯವರು ಹಾಗೆ ಹೊರಡಲಿಲ್ಲ. ವಕೀಲಿಯ ಸನ್ನದನ್ನು ಪಡೆದು ಬೆಳಗಾವಿಯಲ್ಲಿ ಕೆಲಕಾಲ ವೃತ್ತಿಯನ್ನು ನಡೆಸಿ, ಬಳಿಕ ವಿಜಾಪುರಕ್ಕೆ ಬಂದು ನೆಲಸಿದರು. ಅಲ್ಲಿ ಅವರ ವಕೀಲಿ ಚೆನ್ನಾಗಿಯೇ ನಡೆಯಿತು. ಸರಕಾರಿ ವಕೀಲರೂ ಆದರು. ಸಾರ್ವಜನಿಕ ಕಾರ್ಯಗಳು ಒಂದರ ಬೆನ್ನಿಗೊಂದು ಬಂದವು. ೧೯೧೦ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದರು, ಇಂದು ಬಿ.ಎಲ್.ಡಿ.ಇ. ಎಂದು ನಾಡೆಲ್ಲ ಬಲ್ಲ ಸಂಸ್ಥೆ ಅದೇ. ೧೯೧೨ರಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಯಾಯಿತು. ನಗರಸಭೆಯ ಹೊಣೆ, ಬರದ ನಾಡಾದ ವಿಜಾಪುರಕ್ಕೆ ನೀರು ಒದಗಿಸುವ ಭೂತನಾಳ ಕೆರೆಯ ಕೆಲಸ, ಮುಂಬಯಿ ಶಾಸನಸಭೆಯ ಸದಸ್ಯತ್ವ, ಇವೆಲ್ಲವೂ ಅವರ ಹೆಗಲೇರಿದವು. ಹೊರಗಿನಿಂದ ನೋಡಿದವರಿಗೆ ಅವರು ಯಶಸ್ವಿಯಾದ ವಕೀಲರು, ಊರಿನ ಹಿರಿಯರು. ರಬಕವಿಯ ಓಲೆಗಳನ್ನು ಕಂಡ ದಿನಕ್ಕೂ ಅವರ ಮೊದಲ ದೊಡ್ಡ ವಚನಗ್ರಂಥವು ಅಚ್ಚಾದ ದಿನಕ್ಕೂ ನಡುವೆ ಇಪ್ಪತ್ತು ವರ್ಷಗಳ ಅಂತರವಿದೆ.

ಆ ಇಪ್ಪತ್ತು ವರ್ಷಗಳು ಬರಿದಾಗಿ ಹೋದವೇ? ಇಲ್ಲ. ಕೋರ್ಟಿಗೆ ರಜೆಯಿದ್ದಾಗ, ಕಕ್ಷಿಗಾರರ ಕೆಲಸಕ್ಕಾಗಿ ಪರಊರಿಗೆ ಹೋದಾಗ, ಜಾತ್ರೆ ಉತ್ಸವಗಳ ನಿಮಿತ್ತ ಮಠಗಳಿಗೆ ಹೋದಾಗ ಓಲೆಯ ಕಟ್ಟು ಎಲ್ಲಿದೆಯೆಂದು ವಿಚಾರಿಸುವುದು ಅವರಿಗೆ ಅಭ್ಯಾಸವಾಯಿತು. ಚಕ್ಕಡಿಯಲ್ಲಿ, ಸೈಕಲ್ಲಿನ ಮೇಲೆ, ಕಾಲ್ನಡಿಗೆಯಿಂದ ಹಳ್ಳಿ ಹಳ್ಳಿಗೆ ಅಲೆದರು. ಓಲೆಯಿರುವ ಮನೆ ಸಿಕ್ಕಿದ ಮಾತ್ರಕ್ಕೆ ಕೆಲಸವಾಯಿತೆನ್ನುವಂತಿರಲಿಲ್ಲ. ನಿತ್ಯ ಪೂಜೆಗೊಳ್ಳುವ ವಸ್ತುವನ್ನು ಪರರ ಕೈಗೆ ಕೊಡುವುದೆಂದರೆ ಗೃಹಸ್ಥನಿಗೆ ದೇವರನ್ನೇ ಹೊರಗೆ ಕಳುಹಿಸಿದಂತೆ. ಕೋಟು ತೊಟ್ಟು ಬಂದ ವಕೀಲರನ್ನು ಕಂಡರೆ, ಆಸ್ತಿಯ ವ್ಯಾಜ್ಯಕ್ಕಾಗಿ ಹಳೆಯ ಕಾಗದಪತ್ರಗಳನ್ನು ಶೋಧಿಸಲು ಬಂದಿರಬಹುದೆಂಬ ಅನುಮಾನವೂ ಹಳ್ಳಿಗರಿಗೆ ಸಹಜವೇ. ಅಂಥವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಅವರು ಬಿಚ್ಚದಿದ್ದರೂ ಬಿಸುಡಲಿಲ್ಲ. ಅವರ ಮುಗ್ಧಭಕ್ತಿಯು ಇರದಿದ್ದರೆ ಹಳಕಟ್ಟಿಯವರು ಹುಡುಕಿಕೊಂಡು ಹೋಗಲು ಏನು ಉಳಿದಿರುತ್ತಿತ್ತು? ಎಷ್ಟೋ ಕಡೆಯಲ್ಲಿ ಜೀರ್ಣವಾದ ಓಲೆಗಳನ್ನು ಪವಿತ್ರವೆಂದು ಹೊಳೆಗೆ ಬಿಟ್ಟದ್ದೂ ಉಂಟು. ಹಾಗೆ ನೀರುಪಾಲಾದ ವಚನಗಳ ಲೆಕ್ಕವನ್ನು ಇಟ್ಟವರಾರು?

ಕಟ್ಟು ಕೈಗೆ ಬಂದ ಮೇಲೆ ಮುಂದಿನ ಕಷ್ಟ. ಓಲೆಯ ಬರವಣಿಗೆಯನ್ನು ಕಂಡವರಿಗಲ್ಲದೆ ಅದರ ತೊಡಕು ತಿಳಿಯದು. ಕಬ್ಬಿಣದ ಕಂಠದಿಂದ ಗರಿಯ ಮೇಲೆ ಕೊರೆದ ಅಕ್ಷರಗಳು ಬರಿಗಣ್ಣಿಗೆ ಕಾಣುವುದಿಲ್ಲ. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಸವರಿ ಒರೆಸಿದಾಗಲೇ ಕೊರೆದ ಗೆರೆಗಳಲ್ಲಿ ಕಪ್ಪು ನಿಂತು ಅಕ್ಷರ ಮೂಡುತ್ತದೆ. ಒಣಗಿದ ಗರಿಯನ್ನು ಅವಸರದಿಂದ ಮಗುಚಿದರೆ ತುಂಡಾಗುತ್ತದೆ. ಸಾಲಿನಿಂದ ಸಾಲಿಗೆ, ಅಂಚಿನಿಂದ ಅಂಚಿಗೆ ಅಕ್ಷರಗಳು ಒಂದಕ್ಕೊಂದು ಅಂಟಿ ಸಾಗುತ್ತವೆ. ಪದ ಬೇರೆ ಪದ ಬೇರೆಯೆಂದು ಬಿಡಿಸಿ ಬರೆಯುವ ವಾಡಿಕೆಯಿಲ್ಲ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದವನ್ನು ತೋರಿಸದೆ ಬರೆಯುವುದು ಹಳೆಯ ಪದ್ಧತಿ. ಮಕಾರ ವಕಾರಗಳು ಅವಳಿಮಕ್ಕಳಂತೆ. ಕಾವ್ಯವಾದರೆ ಛಂದಸ್ಸು ಕೈಹಿಡಿದು ನಡೆಸುತ್ತದೆ. ಒಂದಕ್ಷರ ತಪ್ಪಿದರೂ ಗಣ ಕೆಟ್ಟು, ಓದುವವನನ್ನು ಎಚ್ಚರಿಸುತ್ತದೆ. ವಚನಕ್ಕೆ ಆ ಕಾವಲಿಲ್ಲ. ಗದ್ಯದ ಸರಳತೆಯೇ ಇಲ್ಲಿ ಸಂಪಾದಕನಿಗೆ ತೊಡಕು.

ಆದರೆ ವಚನಕ್ಕೆ ತನ್ನದೇ ಆದ ಗುರುತೊಂದುಂಟು, ಅದು ಅಂಕಿತ. ಕೂಡಲಸಂಗಮದೇವನೆಂದು ಬಂದರೆ ಬಸವಣ್ಣನವರದು. ಗುಹೇಶ್ವರನೆಂದು ಬಂದರೆ ಪ್ರಭುವಿನದು. ಚೆನ್ನಮಲ್ಲಿಕಾರ್ಜುನನೆಂದು ಬಂದರೆ ಅಕ್ಕನದು. ಇವು ಎಲ್ಲರೂ ಬಲ್ಲ ಅಂಕಿತಗಳು. ಅದೇ ಕಟ್ಟಿನೊಳಗೆ ಯಾರೂ ಕೇಳಿರದ ಅಂಕಿತವೊಂದು ಎದ್ದುಬಂದಾಗ ಏನು ಮಾಡಬೇಕು? ಅದು ಯಾವ ಶರಣನದು, ಯಾವ ಕಾಯಕದವನದು, ಯಾವ ಊರಿನವನದು ಎಂದು ಇನ್ನೊಂದು ಕಟ್ಟನ್ನು ಹುಡುಕಬೇಕು. ಪುರಾಣಗಳನ್ನೂ ರಗಳೆಗಳನ್ನೂ ಶಾಸನಗಳನ್ನೂ ತಿರುವಬೇಕು. ಹೀಗೆ ಅಂಕಿತದ ಜಾಡನ್ನು ಹಿಡಿದು ನಡೆದಂತೆ ದೋಣಿ ನಡೆಸುವವನು, ಬಟ್ಟೆಯನ್ನು ಮಡಿ ಮಾಡುವವನು, ಹಗ್ಗ ಹೊಸೆಯುವವನು, ಅಕ್ಕಿಯನ್ನು ಆಯುವ ದಂಪತಿಗಳು, ನೂಲುವವಳು, ಒಬ್ಬೊಬ್ಬರೂ ಹೆಸರನ್ನು ಪಡೆದು ಮುಂದೆ ಬಂದರು. ಹಳಕಟ್ಟಿಯವರು ಈ ಕಾರ್ಯಕ್ಕೆ ಕೈಯಿಡುವ ಮುನ್ನ ಐವತ್ತರ ಸುಮಾರಿಗೆ ತಿಳಿದಿದ್ದ ವಚನಕಾರರ ಸಂಖ್ಯೆಯು ಅವರ ಪರಿಶ್ರಮದಿಂದ ಇನ್ನೂರೈವತ್ತರಷ್ಟಾಯಿತೆಂದು ಹೇಳುವುದುಂಟು. ಅವರು ಕೂಡಿಸಿದ ಓಲೆಯ ಪ್ರತಿಗಳು ಸಾವಿರವನ್ನು ಮೀರಿದ್ದವು. ಸಂಖ್ಯೆಗಿಂತ ನನಗೆ ದೊಡ್ಡದೆಂದು ತೋರುವುದು ಬೇರೆ. ಎಂಟು ಶತಮಾನಗಳ ಹಿಂದೆ ಅನುಭವಮಂಟಪದಲ್ಲಿ ಸಮಾನವಾದ ಆಸನವನ್ನು ಪಡೆದಿದ್ದ ಕಾಯಕಜೀವಿಗಳಿಗೆ ಗ್ರಂಥದೊಳಗೂ ಆಸನವು ದೊರೆಯಿತು.

ವಕೀಲಿಯ ವೃತ್ತಿಯು ಈ ಕೆಲಸಕ್ಕೆ ಅಡ್ಡಿಯಾಯಿತೆಂದು ಕೆಲವರು ಭಾವಿಸಬಹುದು. ವಿಚಾರಿಸಿ ನೋಡಿದರೆ ಅದು ಸಹಾಯವನ್ನೇ ಮಾಡಿತೆಂದು ತೋರುತ್ತದೆ. ಒಂದೇ ಸಂಗತಿಯನ್ನು ಮೂವರು ಮೂರು ರೀತಿಯಾಗಿ ಹೇಳಿದಾಗ ಯಾವುದು ವಿಶ್ವಾಸಾರ್ಹವೆಂದು ತೂಗಿ ನೋಡುವುದು ನ್ಯಾಯವಾದಿಯ ದಿನನಿತ್ಯದ ಅಭ್ಯಾಸ. ಒಂದೇ ವಚನವು ಮೂರು ಓಲೆಗಳಲ್ಲಿ ಮೂರು ಪಾಠಗಳಾಗಿ ಬಂದಾಗ ಮಾಡಬೇಕಾದುದೂ ಅದನ್ನೇ. ಪ್ರತಿಕಾರನು ನಿದ್ದೆಗಣ್ಣಿನಲ್ಲಿ ಬಿಟ್ಟ ಸಾಲು ಯಾವುದು, ತನ್ನ ಜಾಣ್ಮೆಯಿಂದ ಸೇರಿಸಿದ ಸಾಲು ಯಾವುದು ಎಂಬುದನ್ನು ಕಂಡುಹಿಡಿಯಲು ಭಕ್ತಿಯೊಂದೇ ಸಾಲದು. ಪಾಟೀಸವಾಲಿನ ಬುದ್ಧಿಯೂ ಬೇಕು.

ಮೊದಲು ಅವರು ಹೊರಲೋಕಕ್ಕೆ ವಚನಗಳನ್ನು ಪರಿಚಯಿಸಿದುದು ಇಂಗ್ಲಿಷಿನಲ್ಲಿ. ೧೯೨೨ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಎಂಬ ವಿದ್ವತ್ಪತ್ರಿಕೆಯಲ್ಲಿ ಬಸವಣ್ಣನವರ ವಚನಗಳ ಅವರ ಅನುವಾದವು ಪ್ರಕಟವಾಯಿತು. ಕನ್ನಡದ ಗ್ರಂಥವೂ ಅಷ್ಟರಲ್ಲಿ ಸಿದ್ಧವಾಗಿತ್ತು. ಹೆಸರು ‘ವಚನಶಾಸ್ತ್ರಸಾರ’. ಆದರೆ ಬರೆದುದು ಅಚ್ಚಾಗುವುದು ಆ ಕಾಲದಲ್ಲಿ ಸುಲಭವಿರಲಿಲ್ಲ. ಹಸ್ತಪ್ರತಿಯು ಮಂಗಳೂರಿನವರೆಗೆ ಹೋಗಿ ಅಚ್ಚಾಗದೆ ಹಿಂದಿರುಗಿ ಬಂದಿತು. ಕೊನೆಗೆ ೧೯೨೩ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಮೊದಲ ಭಾಗವು ಅಚ್ಚಾಯಿತು. ವೀರಶೈವ ಶರಣರ ವಾಣಿಯು ತೀರ್ಥಂಕರನ ಹೆಸರನ್ನು ಹೊತ್ತ ಮುದ್ರಣಾಲಯದಿಂದ ಹೊರಬಂದುದು ಕನ್ನಡ ನಾಡಿಗೆ ಒಪ್ಪುವ ಸಂಗತಿಯೇ ಸರಿ. ಇದಕ್ಕೆ ಮೊದಲು ವಚನಗಳು ಅಚ್ಚಾಗಿಯೇ ಇರಲಿಲ್ಲವೆಂದಲ್ಲ. ಬಿಡಿಬಿಡಿಯಾಗಿ ಕೆಲವು ಪುಸ್ತಕಗಳು ಬಂದಿದ್ದವು. ಆದರೆ ಅನೇಕ ಶರಣರ ವಚನಗಳನ್ನು ವಿಷಯಾನುಸಾರವಾಗಿ ಆರಿಸಿ ಜೋಡಿಸಿ, ಇದೊಂದು ಸಮಗ್ರವಾದ ಜೀವನಶಾಸ್ತ್ರವೆಂದು ಓದುಗನಿಗೆ ಮನಗಾಣಿಸಿದ ಗ್ರಂಥವು ಇದಕ್ಕೆ ಹಿಂದೆ ಇರಲಿಲ್ಲ.

ಗ್ರಂಥವೊಂದು ಅಚ್ಚಾಯಿತು, ಜಗಲಿಯ ಮೇಲೆ ಇನ್ನೂ ನೂರಾರು ಕಟ್ಟುಗಳಿದ್ದವು. ಪ್ರತಿಯೊಂದಕ್ಕೂ ಪರರ ಮುದ್ರಣಾಲಯದ ಬಾಗಿಲನ್ನು ಕಾಯುತ್ತಿದ್ದರೆ ಓಲೆಯನ್ನು ತಿನ್ನುವ ಹುಳು ಕಾಯುವುದೇ? ಹಳಕಟ್ಟಿಯವರು ತಮ್ಮ ಸ್ವಂತ ಮನೆಯನ್ನು ಮಾರಿದರು. ಆ ಹಣದಿಂದ ೧೯೨೫ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ವಕೀಲರ ಸಂಸಾರವು ಬಾಡಿಗೆಯ ಮನೆಗೆ ನಡೆಯಿತು. ಈ ಒಂದು ಸಂಗತಿಯನ್ನು ನಾವು ಬಹಳ ಬೇಗನೆ ಓದಿ ಮುಂದೆ ಹೋಗುತ್ತೇವೆ. ಮನೆಯನ್ನು ಮಾರಿದುದು ಸಾಲಕ್ಕಾಗಿ ಅಲ್ಲ, ಮಗಳ ಮದುವೆಗಾಗಿ ಅಲ್ಲ, ಸೀಸದ ಅಚ್ಚಿನ ಮೊಳೆಗಳಿಗಾಗಿ. ಊರಿನ ಜನರು ಏನೆಂದುಕೊಂಡಿರಬಹುದು? ಮನೆಯವರು ಏನನ್ನು ಸಹಿಸಿರಬಹುದು? ದಾಸೋಹವೆಂಬ ಮಾತನ್ನು ನಾವು ಪ್ರವಚನಗಳಲ್ಲಿ ಸಾವಿರ ಬಾರಿ ಕೇಳುತ್ತೇವೆ. ಅನ್ನವನ್ನಿಕ್ಕುವುದಷ್ಟೇ ದಾಸೋಹವೆಂದು ತಿಳಿದುಕೊಳ್ಳುತ್ತೇವೆ. ಭಾಗೀರಥಮ್ಮನವರ ಪಾಲಿನ ದಾಸೋಹವನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಯಾರೂ ಬರೆದಿಟ್ಟಂತೆ ಕಾಣುವುದಿಲ್ಲ.

ಮರುವರ್ಷ, ೧೯೨೬ರಲ್ಲಿ, ‘ಶಿವಾನುಭವ’ ಪತ್ರಿಕೆಯು ಆರಂಭವಾಯಿತು. ಮೊದಲು ತ್ರೈಮಾಸಿಕ, ಮುಂದೆ ಮಾಸಿಕ. ೧೯೨೭ರಲ್ಲಿ ‘ನವಕರ್ನಾಟಕ’ ಎಂಬ ವಾರಪತ್ರಿಕೆಯನ್ನೂ ತೆಗೆದರು. ‘ಶಿವಾನುಭವ’ವು ಮೂರು ದಶಕಗಳನ್ನೂ ಮೀರಿ ನಡೆಯಿತು. ಲೇಖನವನ್ನು ಬರೆಯುವವರೂ ಅವರೇ, ಕರಡನ್ನು ತಿದ್ದುವವರೂ ಅವರೇ, ಚಂದಾದಾರರಿಗೆ ಪತ್ರ ಬರೆಯುವವರೂ ಅವರೇ ಎಂಬಂಥ ಪರಿಸ್ಥಿತಿ. ಇಂಥ ಪತ್ರಿಕೆಯಿಂದ ಲಾಭವೆಲ್ಲಿಯದು? ವರ್ಷವರ್ಷವೂ ಕೈಯಿಂದಲೇ ಹೋಗುತ್ತಿತ್ತು. ಕಕ್ಷಿಗಾರರಿಗಿಂತ ಓಲೆಯ ಕಟ್ಟುಗಳಿಗೆ ಹೆಚ್ಚು ಸಮಯವನ್ನು ಕೊಡುವ ವಕೀಲರಲ್ಲಿ ಕಕ್ಷಿಗಾರರೂ ಬಹುಕಾಲ ನಿಲ್ಲರು. ಹರಿದ ಕೋಟನ್ನೇ ಹೊಲಿಸಿ ತೊಟ್ಟು, ಹಳೆಯ ಸೈಕಲ್ಲನ್ನೇರಿ ವಿಜಾಪುರದ ಬೀದಿಗಳಲ್ಲಿ ಸಾಗುತ್ತಿದ್ದ ಅವರ ಚಿತ್ರವನ್ನು ಕಂಡವರು ಬಹುಕಾಲದವರೆಗೆ ಹೇಳುತ್ತಿದ್ದರು.

ಅದೇ ಮುದ್ರಣಾಲಯದ ಬೆನ್ನಲ್ಲಿ ಗ್ರಂಥಗಳ ಸಾಲೇ ಹೊರಟಿತು. ಗೂಳೂರು ಸಿದ್ಧವೀರಣಾರ್ಯರ ‘ಶೂನ್ಯಸಂಪಾದನೆ’ಯು ೧೯೩೦ರಲ್ಲಿ ಬೆಳಕನ್ನು ಕಂಡಿತು. ಹರಿಹರನ ರಗಳೆಗಳು, ಅಂದರೆ ಶರಣರ ಚರಿತ್ರೆಗೆ ನಮಗಿರುವ ಅತ್ಯಂತ ಹಳೆಯ ಸಾಹಿತ್ಯಾಧಾರಗಳು, ಅವರ ಕೈಯಿಂದ ಜನರಿಗೆ ದೊರೆತವು. ‘ವಚನಶಾಸ್ತ್ರಸಾರ’ದ ಮುಂದಿನ ಭಾಗಗಳೂ ಬಂದವು. ಶಾಲೆಯ ಉಪಾಧ್ಯಾಯನೊಬ್ಬನು, ನೇಕಾರನೊಬ್ಬನು, ಮನೆಯಲ್ಲಿ ಅಕ್ಷರ ಕಲಿತ ಹೆಣ್ಣುಮಗಳೊಬ್ಬಳು ಕೆಲವೇ ಆಣೆಗಳಿಗೆ ಅಕ್ಕನ ನುಡಿಯನ್ನು ಕೊಂಡು ಓದಬಹುದೆಂಬುದು ಕರ್ನಾಟಕದಲ್ಲಿ ಹೊಸದಾಗಿ ಉಂಟಾದ ಸ್ಥಿತಿ. ಜಗಲಿಯ ಮೇಲೆ ಸ್ಥಾವರವಾಗಿ ಕುಳಿತಿದ್ದ ವಾಣಿಯು ಜಂಗಮವಾಗಿ ಊರೂರು ತಿರುಗತೊಡಗಿತು.

ಹಳಕಟ್ಟಿಯವರ ಸಂಪಾದನೆಯಲ್ಲಿ ದೋಷಗಳೇ ಇರಲಿಲ್ಲವೆಂದು ಹೇಳುವುದು ಅವರಿಗೂ ಪ್ರಿಯವಾಗುತ್ತಿರಲಿಲ್ಲ. ಒಂದು ಓಲೆಯ ಪಾಠವನ್ನು ಸ್ವೀಕರಿಸಿ ಉಳಿದವುಗಳ ಪಾಠಾಂತರಗಳನ್ನು ಎಲ್ಲ ಕಡೆಯಲ್ಲಿಯೂ ಕೊಟ್ಟಿಲ್ಲ; ಕೆಲವು ಸಂದೇಹಾಸ್ಪದ ವಚನಗಳೂ ಒಳಗೆ ಬಂದಿವೆ; ವಿಷಯಾನುಸಾರದ ಜೋಡಣೆಯಿಂದ ಒಬ್ಬೊಬ್ಬ ಶರಣನ ವಿಶಿಷ್ಟವಾದ ಧ್ವನಿಯು ಕೆಲವೊಮ್ಮೆ ಗುಂಪಿನಲ್ಲಿ ಕರಗಿದಂತಾಗುತ್ತದೆ. ಮುಂದಿನ ವಿದ್ವಾಂಸರು ಇವನ್ನೆಲ್ಲ ಒರೆಗೆ ಹಚ್ಚಿ ತಿದ್ದಿದರು. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಹೊರತಂದಿತು. ಆದರೆ ತಿದ್ದುವವನಿಗೆ ತಿದ್ದಲು ಮೊದಲು ಒಂದು ಪ್ರತಿ ಬೇಕು. ಬಿತ್ತಿದವನ ಹೊಲದಲ್ಲಿ ಕಳೆಯಿತ್ತೆಂದು ಕಂಡುಹಿಡಿದವರೂ ಉಂಡುದು ಆ ಹೊಲದ ಬೆಳೆಯನ್ನೇ.

ಮನ್ನಣೆಗಳನ್ನು ಕುರಿತು ಹೆಚ್ಚು ಬರೆಯಬೇಕಾಗಿಲ್ಲ. ಆಂಗ್ಲ ಸರಕಾರವು ರಾವಸಾಹೇಬ ಪದವಿಯನ್ನು ಕೊಟ್ಟಿತು. ೧೯೨೬ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ.ಲಿಟ್. ಪದವಿಯನ್ನರ್ಪಿಸಿತು. ವಚನಪಿತಾಮಹರೆಂದು ನಾಡು ಕರೆಯಿತು. ಅವರ ಜನ್ಮದಿನವಾದ ಜುಲೈ ೨ನ್ನು ವಚನಸಾಹಿತ್ಯ ಸಂರಕ್ಷಣಾ ದಿನವೆಂದು ಕರ್ನಾಟಕ ಸರ್ಕಾರವು ಆಚರಿಸುತ್ತಿದೆ. ೧೯೬೪ರ ಜೂನ್ ತಿಂಗಳಿನಲ್ಲಿ, ಎಂಬತ್ತನಾಲ್ಕು ವರ್ಷಗಳು ತುಂಬಲು ಕೆಲವೇ ದಿನಗಳಿರುವಾಗ, ಅವರು ಲಿಂಗೈಕ್ಯರಾದರು. ಅವರ ಹೆಸರಿನ ಸಂಶೋಧನ ಕೇಂದ್ರವು ವಿಜಾಪುರದಲ್ಲಿ, ಅವರೇ ಕಟ್ಟಿದ ವಿದ್ಯಾಸಂಸ್ಥೆಯ ಆಶ್ರಯದಲ್ಲಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಶ್ರಾವಣದ ಪ್ರವಚನಕ್ಕೆಂದು ಹೋದಾಗ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದವಾಯಿತು. ದೇವರ ಜಗಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಗಂಟೊಂದು ಕಂಡಿತು. ಅದರ ಮೇಲೆ ಅಂದಿನ ವಿಭೂತಿ, ಅಂದಿನ ಪತ್ರೆ. ಓಲೆಯ ಕಟ್ಟಿರಬೇಕೆಂಬ ಆಸೆಯಿಂದ ಮನೆಯ ಹಿರಿಯರನ್ನು ಕೇಳಿದೆ. ಅಜ್ಜನ ಕಾಲದಿಂದ ಇದೆ ಸ್ವಾಮಿ, ನಿತ್ಯ ಪೂಜೆಯಾಗುತ್ತದೆ ಎಂದರು. ಬಿಚ್ಚಿ ನೋಡಬಹುದೇ ಎಂದಾಗ ಕ್ಷಣಕಾಲ ಹಿಂದೆಮುಂದೆ ನೋಡಿ, ಬಳಿಕ ಅವರೇ ಕೈತೊಳೆದುಕೊಂಡು ಬಂದು ಗಂಟನ್ನು ಬಿಚ್ಚಿದರು. ಒಳಗಿದ್ದುದು ಓಲೆಯಲ್ಲ. ‘ವಚನಶಾಸ್ತ್ರಸಾರ’ದ ಹಳೆಯ ಮುದ್ರಣದ ಒಂದು ಪ್ರತಿ. ಹೊರರಟ್ಟು ವಿಭೂತಿಯಿಂದ ಬೆಳ್ಳಗಾಗಿತ್ತು; ಒಳಗಿನ ಪುಟಗಳು ಅಂಚಿನಲ್ಲಿ ಹಳದಿಯಾಗಿದ್ದರೂ ಯಾರ ಬೆರಳೂ ತಾಗದಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿರಿಯರ ಮೊಮ್ಮಗಳು, ಏಳನೆಯ ತರಗತಿಯಲ್ಲಿ ಓದುವ ಹುಡುಗಿ, ಬಾಗಿಲಿನ ಬಳಿ ನಿಂತು ನೋಡುತ್ತಿದ್ದಳು. ಅವಳನ್ನು ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡೆವು. ಆ ಮಧ್ಯಾಹ್ನ ಅವಳು ಹದಿನಾರು ಪುಟಗಳನ್ನು ಓದಿದಳು. ಅಂಟಿದ ಪುಟಗಳನ್ನು ಅಜ್ಜನೇ ಒಂದೊಂದಾಗಿ ಬಿಡಿಸಿಕೊಟ್ಟರು.